ಅವಲಂಬನೆ

ಜೋತುಬೀಳು ಎಂಬರ್ಥದ ಸಂಸ್ಕೃತದ ‘ಲಂಬ್’ ಧಾತುವಿಗೆ ‘ಅವ’ ಉಪಸರ್ಗ ಸೇರಿ ಹುಟ್ಟಿದ ಈ ಪದವು ಕನ್ನಡದಲ್ಲಿ ಆಸರೆ ಎಂಬ ಅರ್ಥದಲ್ಲಿ ನೆಲೆಗೊಂಡಿದ್ದು, ಮರಾಠಿ ನೆಲದಲ್ಲಿರುವ ಕನ್ನಡಿಗರಿಗೆ ‘ಅವಲಂಬೂನ್’ ಎಂಬ ದಿನಬಳಕೆಯ ಮರಾಠಿ ರೂಪದಲ್ಲಿಯೂ ಕೇಳಿಬರುತ್ತದೆ. ಗಣಕದ ಪರಿಭಾಷೆಯಲ್ಲಿ ಇದು ಡಿಪೆಂಡೆನ್ಸಿಯನ್ನು, ಅಂದರೆ ಒಂದು ತಂತ್ರಾಂಶವು ನಡೆಯಲು ಬೇಕಾಗುವ ಇತರ ತಂತ್ರಾಂಶವನ್ನು, ಸೂಚಿಸುತ್ತದೆ. ಪೈಥಾನ್ ಭಾಷೆಯಲ್ಲಿ ಅಂಥ ಮಾಡ್ಯೂಲ್, ಎಂದರೆ ಆಮದು ಮಾಡಿಕೊಳ್ಳುವ ಘಟಕ, ಸಿಗದಿದ್ದಾಗ ಬರುವ ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್’ ಎಂಬ ದೋಷಸೂಚನೆಯು 2016ರ 3.6ನೆಯ ಆವೃತ್ತಿಯಿಂದ ಬಳಕೆಯಲ್ಲಿದೆ. ಘಟಕವನ್ನು ಸ್ಥಾಪಿಸಿದ ಮೇಲೂ ಈ ದೋಷಸೂಚನೆ ಕಾಣಿಸಿಕೊಂಡರೆ, ಸ್ಥಾಪನೆಯ ಸಾಧನವಾದ ಪಿಪ್ ಗಣಕದಲ್ಲಿರುವ ಒಂದು ಪೈಥಾನ್‌ಗೆ ಸೇರಿದ್ದು ಪ್ರೋಗ್ರಾಮ್ ಇನ್ನೊಂದರಲ್ಲಿ ನಡೆಯುತ್ತಿರುವುದೇ ಅನೇಕ ವೇಳೆ ಕಾರಣವಾಗಿರುವುದರಿಂದ, ಪಿಪ್ಪನ್ನು ಪ್ರೋಗ್ರಾಮ್ ನಡೆಸುವ ಪೈಥಾನ್ ಮೂಲಕವೇ ಚಲಾಯಿಸುವ ಸರಳ ಎಚ್ಚರವನ್ನು ಹೊಸಬರಿಗೆ ಮೊದಲೇ ಕಲಿಸತಕ್ಕದ್ದು. ಒಟ್ಟಿಗೆ ಸ್ಥಾಪಿಸುವ ಎರಡು ಘಟಕಗಳು ಮೂರನೆಯದೊಂದರ ಹೊಂದಿಕೆಯಾಗದ ಆವೃತ್ತಿಗಳನ್ನು ಬಯಸಿದರೆ, 2020ರಿಂದೀಚೆಗಿನ ಪಿಪ್ ಸ್ಥಾಪನೆಯನ್ನೇ ನಿಲ್ಲಿಸಿ, ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ತಿಳಿಸುತ್ತದೆ.