ಸುಮ್ಮನೆ ಮಲಗಿದ್ರೆ ನೋವಿಲ್ಲ ಅಂತಾನಾ?

ಹೋದ ತಿಂಗಳು ನಮ್ಮ ಮನೆ ನಾಯಿಗೆ ಆಪರೇಷನ್ ಆಯ್ತು. ಮನೆಗೆ ತಂದ ಮೇಲೆ ಅದು ಮೂಲೆಯಲ್ಲಿ ಸುಮ್ಮನೆ ಮಲಗಿತ್ತು, ಒಂದು ಸಲವೂ ಕುಂಯ್ ಅನ್ನಲಿಲ್ಲ. ನೋವಿಲ್ಲ ಬಿಡು ಅಂದ್ಕೊಂಡು ನಾನು ಅವತ್ತು ನೋವಿನ ಮಾತ್ರೆ ಕೊಡಲಿಲ್ಲ. ಮರುದಿನ ಡಾಕ್ಟ್ರು ಬೈದ್ರು: "ಸುಮ್ಮನಿದ್ರೆ ನೋವಿಲ್ಲ ಅಂತ ಯಾರು ಹೇಳಿದ್ದು?"

ಈ ಪ್ರಶ್ನೆಯ ಬೆನ್ನು ಹತ್ತಿದಾಗ ನಾನು ಹೋಗಿ ನಿಂತಿದ್ದು 19ನೇ ಶತಮಾನದ ಪ್ರಯೋಗಾಲಯಗಳಲ್ಲಿ.

1846ರಲ್ಲಿ ಈಥರ್, ಮರುವರ್ಷ ಕ್ಲೋರೋಫಾರ್ಮ್. ಮನುಷ್ಯರ ಆಪರೇಷನ್‌ಗೆ ಅರಿವಳಿಕೆ ಬಂತು. ಆದ್ರೆ ಪ್ರಯೋಗಾಲಯದ ಮೇಜಿನ ಮೇಲಿದ್ದ ನಾಯಿಗಳಿಗೆ? ಅಲ್ಲಿ ಇನ್ನೊಂದು ವಸ್ತುವೂ ಬಳಕೆಯಲ್ಲಿತ್ತು, ಕುರಾರೆ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷ ಅದು. ಕೊಟ್ಟರೆ ಪ್ರಾಣಿ ಅಲುಗಾಡಲ್ಲ, ಕೂಗಲ್ಲ. ಕೃತಕವಾಗಿ ಉಸಿರು ಕೊಡ್ತಾ ಇದ್ರೆ ಸಾಯೋದೂ ಇಲ್ಲ.

ಆದರೆ ಕುರಾರೆ ಸ್ನಾಯುಗಳನ್ನು ಮಾತ್ರ ಕಟ್ಟಿಹಾಕುತ್ತದೆ, ಪ್ರಜ್ಞೆಯನ್ನಲ್ಲ. ಇದನ್ನು ವಿವರಿಸಿದವರು ಫ್ರಾನ್ಸ್‌ನ ಕ್ಲಾಡ್ ಬರ್ನಾರ್ಡ್. ಹೊರಗೆ ಶಾಂತವಾಗಿ ಕಾಣುವ ಆ ದೇಹದೊಳಗೆ ಭಯಂಕರ ಯಾತನೆ ಇರುತ್ತದೆ ಅಂತ ಅವರೇ 1864ರಲ್ಲಿ ಬರೆದರು. ಹಾಗೆ ಬರೆದವರೇ ಪ್ರಯೋಗಗಳಲ್ಲಿ ಕುರಾರೆ ಬಳಸುತ್ತಿದ್ದರು. ನನಗೆ ಅರಗದ ವಿಷಯ ಇದು.

1876ರಲ್ಲಿ ಬ್ರಿಟನ್ ಕಾನೂನು ತಂತು: ಪ್ರಾಣಿಗೆ ಅರಿವಳಿಕೆ ಕೊಟ್ಟೇ ಪ್ರಯೋಗ ಮಾಡಬೇಕು. ವಿಶೇಷ ಪ್ರಮಾಣಪತ್ರ ಇದ್ದವರಿಗೆ ವಿನಾಯಿತಿ ಇತ್ತು ಅನ್ನಿ. ಆದ್ರೂ ಆ ಕಾನೂನಿನಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ಕುರಾರೆಯನ್ನು ಅರಿವಳಿಕೆ ಅಂತ ಲೆಕ್ಕ ಹಿಡಿಯುವಂತಿಲ್ಲ.

ಹಾಗಾದ್ರೆ ಅಲುಗಾಡಿದ್ರೆ ನೋವಿದೆ ಅಂತಾನಾ? ಅದೂ ಅಷ್ಟು ಸುಲಭ ಅಲ್ಲ. ಫೆಬ್ರವರಿ 1903, ಲಂಡನ್‌ನ ಯೂನಿವರ್ಸಿಟಿ ಕಾಲೇಜು. ವಿಲಿಯಂ ಬೇಲಿಸ್ ವಿದ್ಯಾರ್ಥಿಗಳ ಮುಂದೆ ಒಂದು ಕಂದು ನಾಯಿಯ ಮೇಲೆ ಪ್ರಯೋಗ ತೋರಿಸಿದರು. ನೋಡ್ತಿದ್ದ ಇಬ್ಬರು ಸ್ವೀಡಿಷ್ ಯುವತಿಯರು, ನಾಯಿ ಒದ್ದಾಡ್ತಿತ್ತು, ಅರಿವಳಿಕೆ ಕೊಟ್ಟಿರಲಿಲ್ಲ ಅಂದರು. ಬೇಲಿಸ್, ಕೊಟ್ಟಿದ್ದೆ, ಅದು ಕಾಯಿಲೆಯಿಂದಾದ ನಡುಕ ಅಂದರು. ಆರೋಪವನ್ನು ಬಹಿರಂಗವಾಗಿ ಹೇಳಿದ ಸ್ಟೀಫನ್ ಕೋಲ್‌ರಿಜ್ ಮೇಲೆ ಕೇಸ್ ಹಾಕಿ ಗೆದ್ದರು, 2,000 ಪೌಂಡ್ ಪರಿಹಾರ ಸಿಕ್ತು. ಆದ್ರೆ ಜಗಳ ಕೋರ್ಟಲ್ಲಿ ಮುಗೀಲಿಲ್ಲ. 1906ರಲ್ಲಿ ಬ್ಯಾಟರ್‌ಸೀಯಲ್ಲಿ ನಾಯಿಯ ಪ್ರತಿಮೆ ಎದ್ದಿತು, ವೈದ್ಯಕೀಯ ವಿದ್ಯಾರ್ಥಿಗಳು ಬೀದಿಗಿಳಿದರು, 1910ರಲ್ಲಿ ಪ್ರತಿಮೆಯನ್ನೇ ತೆಗೆದುಹಾಕಿದರು.

ಯೋಚಿಸಿ: ಒಂದೇ ನಾಯಿ, ಒಂದೇ ಕೋಣೆ, ನೋಡಿದವರ ಉತ್ತರ ಬೇರೆ ಬೇರೆ. ನಾಯಿಯನ್ನು ಕೇಳೋ ಹಾಗಿಲ್ಲ.

ಕೊನೆಗೆ ಒಬ್ಬ ಮನುಷ್ಯನೇ ಸಾಕ್ಷಿ ಹೇಳಿದ. ಅಮೆರಿಕದ ಅರಿವಳಿಕೆ ವೈದ್ಯ ಸ್ಕಾಟ್ ಸ್ಮಿತ್ ಅರಿವಳಿಕೆ ಇಲ್ಲದೆ ತನ್ನ ಮೇಲೇ ಕುರಾರೆ ಪ್ರಯೋಗ ಮಾಡಿಸಿಕೊಂಡರು. ರೆಪ್ಪೆ ಕೂಡ ಅಲುಗಿಸಲಾಗದ ಸ್ಥಿತಿಯಲ್ಲೂ ಪೂರ್ತಿ ಎಚ್ಚರವಾಗಿದ್ದೆ, ಎಲ್ಲ ತಿಳೀತಿತ್ತು ಅಂದರು. ವರದಿ 1947ರಲ್ಲಿ ಪ್ರಕಟವಾಯಿತು.

ನಮ್ಮ ದೇಶದಲ್ಲಿ? ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದಿದ್ದರ ಫಲವಾಗಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಶಸ್ತ್ರಚಿಕಿತ್ಸೆ ಇರುವ ಪ್ರಯೋಗಗಳಲ್ಲಿ ಸಾಧ್ಯವಾದಷ್ಟೂ ಅರಿವಳಿಕೆ ಕೊಡಬೇಕು ಅನ್ನುತ್ತೆ ಅದು. ಬೆಂಗಳೂರಿನ ಪ್ರಯೋಗಾಲಯಗಳಿಗೂ ಇದೇ ಕಾನೂನು.

ಆದ್ರೆ ಅರಿವಳಿಕೆ ಇಳಿದ ಮೇಲಿನ ನೋವು? 2010ರಲ್ಲಿ ಕೆನಡಾದ ವಿಜ್ಞಾನಿಗಳು ಇಲಿಯ ಮುಖ ಓದುವ ಒಂದು ಅಳತೆಗೋಲು ಪ್ರಕಟಿಸಿದರು. ಕಣ್ಣು ಕಿರಿದಾಗಿದೆಯಾ? ಕಿವಿ ಹಿಂದಕ್ಕೆ ಹೋಗಿದೆಯಾ? ಮೂಗು, ಕೆನ್ನೆ ಉಬ್ಬಿವೆಯಾ? ಮೀಸೆ ಹೇಗಿದೆ? ಕೂಗದ ಇಲಿಯ ನೋವನ್ನೂ ಹೀಗೆ ಅಂದಾಜು ಮಾಡಬಹುದು.

ಅವತ್ತು ನಮ್ಮ ನಾಯಿಯ ಕಣ್ಣು ಹೇಗಿತ್ತು ಅಂತ ನೆನಪು ಮಾಡ್ಕೊಳ್ಳೋಕೆ ನೋಡ್ದೆ. ಆಗಲಿಲ್ಲ. ಯಾಕಂದ್ರೆ ನಾನು ನೋಡೇ ಇರಲಿಲ್ಲ.

ಮುಂದಿನ ವಾರ ಸಿಗೋಣ.