ಪೆಟ್ಟಿಗೆಯೊಳಗಿನ ಆಟಗಾರ

೧೭೭೦ರಲ್ಲಿ ವಿಯೆನ್ನಾದ ಅರಮನೆಯಲ್ಲಿ, ಸಾಮ್ರಾಜ್ಞಿ ಮರಿಯಾ ಥೆರೇಸಾಳ ಮುಂದೆ, ಕೆಂಪೆಲೆನ್ ಎಂಬಾತ ಚದುರಂಗವಾಡುವ ಯಂತ್ರವೊಂದನ್ನು ತಂದು ನಿಲ್ಲಿಸಿದ. ತುರ್ಕಿಯವನ ವೇಷ ತೊಟ್ಟ ಬೊಂಬೆ. ಅದರ ಮುಂದೆ ಚಕ್ರಗಳು ತುಂಬಿದ ಪೆಟ್ಟಿಗೆ. ಬಾಗಿಲು ತೆರೆದು ತೋರಿಸಿದರೂ ಒಳಗೆ ಅಡಗಿ ಕುಳಿತ ಆಟಗಾರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ೧೮೦೯ರಲ್ಲಿ ನೆಪೋಲಿಯನ್ನನೂ ಅದರೊಡನೆ ಆಡಿದ. ೧೮೫೪ರಲ್ಲಿ ಫಿಲಡೆಲ್ಫಿಯದಲ್ಲಿ ಬೆಂಕಿ ಬಿದ್ದು ಬೊಂಬೆ ಸುಟ್ಟುಹೋಯಿತು.

ಅಂದು ಯಂತ್ರದೊಳಗೆ ಮನುಷ್ಯನಿದ್ದ. ಇಂದು ಮನುಷ್ಯನ ಮರೆಯಲ್ಲಿ ಯಂತ್ರವಿರುತ್ತದೆ. ೧೯೯೭ರಲ್ಲಿ ಡೀಪ್ ಬ್ಲೂ ಗಣಕವು ಕ್ಯಾಸ್ಪರೋವ್‌ರನ್ನು ಸೋಲಿಸಿತು. ಅದನ್ನು ಮೀರಿಸಿದ ತಂತ್ರಾಂಶ ಈಗ ಹುಡುಗರ ಜೇಬಿನ ಫೋನಿನಲ್ಲಿದೆ. ೨೦೦೭ರಲ್ಲಿ ಆರಂಭವಾದ ಚೆಸ್.ಕಾಂ, ೨೦೧೦ರಲ್ಲಿ ಬಂದ ಲೀಚೆಸ್ ಮುಂತಾದ ಜಾಲತಾಣಗಳಲ್ಲಿ ಎದುರಾಳಿಯ ಮುಖ ಕಾಣದು. ಆದ್ದರಿಂದ ಅಲ್ಲಿ ಕಾವಲೂ ಯಂತ್ರದ್ದೇ. ಆಟಗಾರನ ನಡೆಗಳು ತಂತ್ರಾಂಶದ ನಡೆಗಳೊಡನೆ ಎಷ್ಟು ಕೂಡಿಬರುತ್ತವೆ, ಸುಲಭದ ನಡೆಗೂ ಕಠಿಣದ ನಡೆಗೂ ಒಂದೇ ಹೊತ್ತು ಹಿಡಿಯಿತೇ ಎಂದು ಅದು ಎಣಿಸುತ್ತದೆ. ಬಫಲೋ ವಿಶ್ವವಿದ್ಯಾನಿಲಯದ ಕೆನೆತ್ ರೀಗನ್ ಇಂಥ ಪರೀಕ್ಷೆಗೆ ಸಂಖ್ಯಾಶಾಸ್ತ್ರದ ಬಲ ಕೊಟ್ಟರು.

ಆದರೆ ಲೆಕ್ಕ ಹೇಳುವುದು ಸಂಭಾವ್ಯತೆಯನ್ನಷ್ಟೆ. ಪರೀಕ್ಷೆಯ ಕೊಠಡಿಯಲ್ಲಿ ಕಾವಲು ನಿಲ್ಲುವ ನನಗೆ ಈ ಸಂಕಟ ಹೊಸದಲ್ಲ: ಎರಡು ಉತ್ತರಗಳು ಒಂದೇ ಆಗಿದ್ದರೆ ಅನುಮಾನ ಹುಟ್ಟುತ್ತದೆ, ಅನುಮಾನವೇ ಅಪರಾಧವಾಗದು. ಒಂದು ದಿನ ಚೆನ್ನಾಗಿ ಆಡಿದ ಹುಡುಗನಿಗೆ ಕಳಂಕ ಹಚ್ಚುವ ಮೊದಲು ಅವನ ಹತ್ತಾರು ಆಟಗಳನ್ನು ನೋಡಬೇಕು.

ಅದೇ ತಂತ್ರಾಂಶ ಆಟ ಮುಗಿದ ಮೇಲೆ ಗುರುವಾಗುತ್ತದೆ, ಎಲ್ಲಿ ತಪ್ಪಿದೆವೆಂದು ಬಿಡಿಸಿ ತೋರಿಸುತ್ತದೆ. ಆಟದ ನಡುವೆ ಅದನ್ನು ಕೇಳಿದವನು ಗೆದ್ದಾನು, ಕಲಿಯಲಾರ.