ಚೇರ್ ವನದ ಕಾವಲುಗಾರರು: ಗುಜರಾತಿನ ಕಡಲ ಸಂರಕ್ಷಣೆಯ ಎರಡು ಮಾದರಿಗಳು

ಗುಜರಾತಿನ ಕಡಲ ಸಂರಕ್ಷಣೆಯ ಇತಿಹಾಸವನ್ನು ಸರ್ಕಾರಿ ಅಧಿಸೂಚನೆಗಳಿಂದ ಆರಂಭಿಸುವುದು ರೂಢಿ. ಕಛ್ ಕೊಲ್ಲಿಯ ದಕ್ಷಿಣ ದಂಡೆಯಲ್ಲಿ 1980ರಲ್ಲಿ ಸಾಗರ ಅಭಯಾರಣ್ಯವೂ 1982ರಲ್ಲಿ ದೇಶದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನವೂ ಘೋಷಿತವಾದವು. ಇವುಗಳಿಗೆ ಆಧಾರವಾದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಮೇಯಿಸುವಂತಿಲ್ಲ. ಅಲ್ಲಿನ ಹಕ್ಕುಗಳೆಲ್ಲ ರಾಜ್ಯಕ್ಕೆ ಸಲ್ಲುತ್ತವೆ. ಇಲ್ಲಿ ರಕ್ಷಣೆಯೆಂದರೆ ಮುಖ್ಯವಾಗಿ ನಿಷೇಧ. ಇದಕ್ಕಿಂತ ಭಿನ್ನವಾದ, ಜನರ ಜೀವನೋಪಾಯವನ್ನೇ ಆಧರಿಸಿದ ಇನ್ನೊಂದು ಮಾದರಿಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಅಹಮದಾಬಾದಿನ ಸಾಬರಮತಿ, ವಡೋದರಾ ಸೀಮೆಯ ಮಹಿ, ಭರೂಚಿನ ನರ್ಮದೆ, ಸೂರತ್ತಿನ ತಾಪಿ — ಈ ನಾಲ್ಕೂ ನದಿಗಳು ಖಂಭಾತ್ ಕೊಲ್ಲಿಯನ್ನು ಸೇರುತ್ತವೆ. ಇಲ್ಲಿ ಉಬ್ಬರದ ಎತ್ತರ ಕೆಲವೆಡೆ 10 ಮೀಟರಿಗೂ ಮಿಕ್ಕುತ್ತದೆ. ದಡದ ಕೊರೆತ, ಹೊಲಕ್ಕೆ ನುಗ್ಗುವ ಉಪ್ಪುನೀರು, ಮೇವಿನ ಕೊರತೆ ಇವು ಹಳ್ಳಿಗಳ ಹಳೆಯ ಸಂಕಟಗಳು. ಗುಜರಾತಿಯಲ್ಲಿ ‘ಚೇರ್’ ಎನಿಸಿಕೊಳ್ಳುವ, ನಮ್ಮ ಕರಾವಳಿಯವರು ‘ಕಾಂಡ್ಲ’ ಎನ್ನುವ ಗಿಡಗಳು ಈ ಮೂರಕ್ಕೂ ಒಂದಿಷ್ಟು ಪರಿಹಾರ. 1992ರಲ್ಲಿ ಸ್ಥಾಪಿತವಾದ ಗುಜರಾತ್ ಪರಿಸರ ಆಯೋಗವು ಈ ಶತಮಾನದ ಮೊದಲ ದಶಕದಲ್ಲಿ ಭಾರತ–ಕೆನಡಾ ಪರಿಸರ ನಿಧಿಯ ನೆರವಿನಿಂದ ಚೇರ್ ನೆಡುವ ಹೊಣೆಯನ್ನು ಗ್ರಾಮ ಸಮಿತಿಗಳಿಗೆ ವಹಿಸಿತು. ಬೀಜ ಆಯುವುದು, ಸಸಿ ಬೆಳೆಸುವುದು, ಕೆಸರಿನಲ್ಲಿ ನೆಡುವುದು, ಕಾಯುವುದು ಎಲ್ಲವೂ ಊರವರ ಕೆಲಸವಾಯಿತು. ಮೊದಲು ಕೂಲಿ, ಗಿಡ ಬಲಿತ ಮೇಲೆ ಮೇವು. ಜೊತೆಗೆ ಮೀನು, ಏಡಿಗಳ ನೆಲೆ. ಅರಣ್ಯ ಸಮೀಕ್ಷೆಯ ವರದಿಗಳ ಪ್ರಕಾರ ರಾಜ್ಯದ ಚೇರ್ ವನ 1987ರಲ್ಲಿ 427 ಚದರ ಕಿಲೋಮೀಟರ್ ಇದ್ದುದು 2021ರಲ್ಲಿ 1,175ಕ್ಕೆ ಏರಿತು. ಈ ಏರಿಕೆಗೆ ಅರಣ್ಯ ಇಲಾಖೆಯ ನೆಡುತೋಪುಗಳೂ ಕಾರಣವೆಂಬುದನ್ನು ಮರೆಯುವಂತಿಲ್ಲ.

ಆದರೆ ಯಾರ ಮೇವು ಎಂಬ ಪ್ರಶ್ನೆ ಉಳಿಯುತ್ತದೆ. ನರ್ಮದೆಯ ಅಳಿವೆಯ ಆಲಿಯಾಬೇಟ್ ದ್ವೀಪದಲ್ಲಿ ಕಛ್ ಮೂಲದ ಫಕೀರಾಣಿ ಜತ್ ಪಶುಪಾಲಕರು ವಾಸಿಸುತ್ತಾರೆ. 2022ರ ವಿಧಾನಸಭಾ ಚುನಾವಣೆಯಲ್ಲಿ, ಸರ್ಕಾರಿ ಕಟ್ಟಡವೊಂದೂ ಇಲ್ಲದ ಈ ದ್ವೀಪದಲ್ಲಿ ಸರಕು ಸಾಗಣೆಯ ಕಂಟೇನರೊಂದನ್ನೇ ಮತಗಟ್ಟೆಯಾಗಿಸಬೇಕಾಯಿತು. ಈ ಸಮುದಾಯವು ಸಾಕುವ, ಉಬ್ಬರದ ನೀರಿನಲ್ಲಿ ಈಜಿ ಚೇರ್ ಎಲೆ ಮೇಯುವ ಖರಾಯಿ ಒಂಟೆಗೆ 2015ರಲ್ಲಿ ಪ್ರತ್ಯೇಕ ತಳಿಯೆಂಬ ಮನ್ನಣೆ ದೊರೆಯಿತು. ಬೇಲಿಯ ದೃಷ್ಟಿಯಿಂದ ನೋಡಿದರೆ ಈ ಒಂಟೆಯು ವನದ ಶತ್ರು. ಕಛ್‌ನ ಒಂದು ಪ್ರಕರಣವು ಈ ನೋಟವನ್ನೇ ತಲೆಕೆಳಗು ಮಾಡುತ್ತದೆ. ಉಪ್ಪಿನಾಗರಗಳ ಒಡ್ಡುಗಳು ಉಬ್ಬರದ ನೀರನ್ನು ತಡೆದು ಚೇರ್ ಒಣಗತೊಡಗಿದಾಗ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೊರೆಹೊಕ್ಕವರು ಒಂಟೆ ಸಾಕುವವರ ಸಂಘದವರೇ. ಆ ತಡೆಗಳನ್ನು ತೆರವುಗೊಳಿಸಲು ನ್ಯಾಯಾಧಿಕರಣವು 2019ರಲ್ಲಿ ಆದೇಶಿಸಿತು. ಮೇಯಿಸುವವನೇ ಕಾವಲುಗಾರನಾದುದಕ್ಕೆ ಕಾರಣ ಸ್ಪಷ್ಟ: ವನ ಅಳಿದರೆ ಹಿಂಡೂ ಅಳಿಯುತ್ತದೆ.

ಕೇಂದ್ರ ಸರ್ಕಾರವು 2023ರಲ್ಲಿ ಕಾಂಡ್ಲ ವನಗಳಿಗಾಗಿ ‘ಮಿಷ್ಟಿ’ ಯೋಜನೆಯನ್ನು ಆರಂಭಿಸಿತು. 2024ರಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯೂ ಇಳಿತದ ಹೊತ್ತಿನಲ್ಲಿ ಚಿಪ್ಪು ಆಯ್ದು ಬದುಕುವ ಕುಟುಂಬಗಳಿವೆ. ನೆಟ್ಟ ಗಿಡಗಳ ಲೆಕ್ಕದೊಡನೆ ಅವುಗಳ ಮೇಲಿನ ಜನರ ಹಕ್ಕಿನ ಲೆಕ್ಕವನ್ನೂ ಇಡದಿದ್ದರೆ ಈ ಇತಿಹಾಸವು ಅಪೂರ್ಣವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.